ಕಾಂಪೌಂಡರಮ್ಮನ ಕೊಲೆಗಳು

ಯಾವ ವಿಷ ಎಷ್ಟು ಹಾಕಬೇಕು, ಎಷ್ಟು ಹೊತ್ತಿಗೆ ಕೆಲಸ ಮಾಡುತ್ತದೆ ಎಂಬುದೆಲ್ಲ ಬಾಯಿಪಾಠ ಇರುವ ಹೆಂಗಸು ನಗುನಗುತ್ತಾ ಕಾಫಿ ತಂದುಕೊಟ್ಟರೆ ಕುಡಿಯುತ್ತೀರಾ? ನಾನಾದರೆ ‘ಮೊದಲು ನೀವು ತಗೊಳ್ಳಿ, ಪರವಾಗಿಲ್ಲ’ ಅಂತ ಉಪಚಾರಕ್ಕೆ ಇಳಿಯುತ್ತಿದ್ದೆ. ಅಗಾಥಾ ಕ್ರಿಸ್ಟಿಯವರ ನೆಂಟರಿಷ್ಟರು ನನಗಿಂತ ಗಟ್ಟಿಗರು ಬಿಡಿ.

ಕೊಲೆ ಕಾದಂಬರಿ ಬರೆಯುವವರು ಅಂದರೆ ನಮ್ಮ ತಲೆಯಲ್ಲಿ ಒಂದು ಚಿತ್ರವಿದೆ: ಅರೆಗತ್ತಲ ಕೋಣೆ, ಸಿಗರೇಟಿನ ಹೊಗೆ, ಪೊಲೀಸ್ ಠಾಣೆಯ ಸಹವಾಸ. ಈಯಮ್ಮನ ಜಾತಕದಲ್ಲಿ ಅದ್ಯಾವುದೂ ಇಲ್ಲ. ಹುಟ್ಟಿದ್ದು 1890ರಲ್ಲಿ, ಇಂಗ್ಲೆಂಡಿನ ಡೆವನ್ ಕರಾವಳಿಯ ಟಾರ್ಕಿ ಎಂಬ ಊರಿನ ಅನುಕೂಲಸ್ಥರ ಮನೆಯಲ್ಲಿ. ಮಕ್ಕಳಿಗೆ ಎಂಟು ತುಂಬುವ ತನಕ ಓದು ಕಲಿಸಬಾರದು ಅನ್ನೋದು ಅವರ ತಾಯಿಯ ಸಿದ್ಧಾಂತ. ಮಗಳು ಅಷ್ಟರೊಳಗೆ ತಾನೇ ಅಕ್ಷರ ಕೂಡಿಸಿಕೊಂಡು ಓದತೊಡಗಿದ್ದಳು. ಅಮ್ಮನ ಕಣ್ಣು ತಪ್ಪಿಸುವ ವಿದ್ಯೆ ಆಗಲೇ ಕೈಗೆ ಹತ್ತಿತ್ತು ಅನ್ನಿ.

ಮೊದಲ ಮಹಾಯುದ್ಧ ಬಂತು. ಊರ ಆಸ್ಪತ್ರೆಯಲ್ಲಿ ನರ್ಸಾದರು, ಆಮೇಲೆ ಔಷಧಿ ಬೆರೆಸುವ ಕೋಣೆಗೆ ಬಂದರು. ನಮ್ಮ ಕಡೆ ಮಾತಲ್ಲಿ ಹೇಳೋದಾದರೆ ಕಾಂಪೌಂಡರು. ಪರೀಕ್ಷೆ ಕಟ್ಟಬೇಕಿತ್ತಲ್ಲ, ಪಾಠಕ್ಕೆ ಅಂತ ಊರಿನ ಔಷಧಿ ಅಂಗಡಿಯವರೊಬ್ಬರ ಹತ್ತಿರ ಹೋಗುತ್ತಿದ್ದರು. ಆ ಮಹಾಶಯರು ಜೇಬಿನಲ್ಲಿ ಕ್ಯುರಾರೆ ಎಂಬ ವಿಷದ ತುಂಡು ಇಟ್ಟುಕೊಂಡು ಓಡಾಡುತ್ತಿದ್ದರಂತೆ. ಯಾಕೆ ಸ್ವಾಮಿ ಅಂದರೆ, ಅದು ಜೇಬಲ್ಲಿದ್ದರೆ ಮನಸ್ಸಿಗೆ ಏನೋ ಬಲ ಬಂದಂತಾಗುತ್ತದೆ ಅಂತ ಉತ್ತರ!

ಒಂದು ದಿನ ಅವರು ಬಾಯಿಂದಲ್ಲದೆ ಹಿಂಬಾಗಿಲಿನಿಂದ ಒಳಹೋಗುವ ಗುಳಿಗೆ ಮಾಡಿ ತೋರಿಸುತ್ತಿದ್ದರು. ದಶಾಂಶದ ಚುಕ್ಕೆ ಒಂದು ಮನೆ ಜರುಗಿತು. ಔಷಧಿ ಹತ್ತು ಪಟ್ಟು ಆಯಿತು. ಶಿಷ್ಯೆಗೆ ಗೊತ್ತಾಯಿತು, ಗುರುಗಳಿಗೆ ಗೊತ್ತಾಗಲಿಲ್ಲ. ‘ಸಾರ್, ತಪ್ಪಾಗಿದೆ’ ಅನ್ನುವಂತಿಲ್ಲ. ಅವರು ತಪ್ಪೇ ಮಾಡದ ಜಾತಿಯವರು. ಅಗಾಥಮ್ಮ ಏನು ಮಾಡಿದರು? ಎಡವಿದಂತೆ ಮಾಡಿ ಗುಳಿಗೆಗಳಿದ್ದ ಹಲಗೆಯನ್ನು ಕೆಡವಿದರು, ಬಿದ್ದ ಗುಳಿಗೆಗಳನ್ನು ಗಡಿಬಿಡಿಯಲ್ಲಿ ಎಂಬಂತೆ ಚೆನ್ನಾಗಿ ತುಳಿದರು, ಆಮೇಲೆ ಕೈಮುಗಿಯುವುದೊಂದು ಬಾಕಿ, ‘ಅಯ್ಯೋ, ಕ್ಷಮಿಸಿ’ ಅಂದರು. ಸಾಕ್ಷ್ಯನಾಶ, ನಟನೆ, ಮುಗ್ಧ ಮುಖ ಎಲ್ಲವೂ ಸೇರಿದ ಪರಿಪೂರ್ಣ ಅಪರಾಧ, ಅದೂ ರೋಗಿಯ ಪ್ರಾಣ ಉಳಿಸಲು! ಒಂದು ಪುಸ್ತಕವೂ ಅಚ್ಚಾಗುವ ಮೊದಲೇ ಈಯಮ್ಮನ ಕಸುಬು ಪೂರ್ತಿ ತಯಾರಾಗಿತ್ತು ಅನ್ನೋದು ನನ್ನ ವಾದ. ಮುಂದಿನ ಅರುವತ್ತಾರು ಪತ್ತೇದಾರಿ ಕಾದಂಬರಿಗಳಲ್ಲಿ ಓದುಗರಿಗೂ ಮಾಡಿದ್ದು ಇದನ್ನೇ: ಕಣ್ಣೆದುರೇ ಹಲಗೆ ಕೆಡವುವುದು, ನಾವು ಎದ್ದು ‘ಪೆಟ್ಟಾಯಿತೇನಮ್ಮಾ’ ಅಂತ ಕೇಳುವುದು.

‘ನಿನ್ನ ಕೈಲಿ ಪತ್ತೇದಾರಿ ಕತೆ ಬರೆಯೋಕಾಗಲ್ಲ ಬಿಡು’ ಅಂತ ಅಕ್ಕ ಮ್ಯಾಜ್ ಹಿಂದೊಮ್ಮೆ ಕೆಣಕಿದ್ದಳು. 1916ರಲ್ಲಿ, ಔಷಧಿ ಕೋಣೆಯ ಬಿಡುವಿನಲ್ಲಿ, ಸುತ್ತ ವಿಷದ ಸೀಸೆಗಳೇ ಇದ್ದಾಗ, ಅದಕ್ಕೆ ಜವಾಬು ಶುರುವಾಯಿತು. ಕತೆಯ ವಿಷ ಸ್ಟ್ರಿಕ್ನಿನ್. ನಮ್ಮ ಕಾಡಿನ ಕಾಸರಕದ ಬೀಜದಲ್ಲಿರುವ ಅದು ಆಗ ಟಾನಿಕ್ಕಿಗೂ ಬೀಳುತ್ತಿತ್ತು. ಅದಕ್ಕೆ ಬ್ರೋಮೈಡ್ ಸೇರಿಸಿದರೆ ವಿಷವೆಲ್ಲ ತಳಕ್ಕಿಳಿದು ಕೂರುತ್ತದೆ, ಕಡೆಯ ಡೋಸು ಕುಡಿದವರ ಕತೆ ಮುಗಿಯಿತು. (ಸೀಸೆಯ ಮೇಲೆ ‘ಚೆನ್ನಾಗಿ ಅಲ್ಲಾಡಿಸಿ’ ಅಂತ ಬರೆದಿರುವುದು ಸುಮ್ಮನೆ ಅಲ್ಲ ನೋಡಿ.) ಹಲವು ಪ್ರಕಾಶಕರು ವಾಪಸ್ ಕಳಿಸಿದ ಮೇಲೆ 1920ರಲ್ಲಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಅಚ್ಚಾಯಿತು. ಆಕೆಗೆ ಸಿಕ್ಕಿದ್ದು 25 ಪೌಂಡು. ಔಷಧಿ ವ್ಯಾಪಾರಿಗಳ ಪತ್ರಿಕೆಯೂ ವಿಷದ ವಿವರ ಸರಿಯಾಗಿದೆ ಅಂತ ಮೆಚ್ಚಿಕೊಂಡಿತು. ಆಕೆ ಹೆಮ್ಮೆಪಟ್ಟಿದ್ದೂ ಅದಕ್ಕೇ.

ಮೆಚ್ಚುಗೆ ಪೊಳ್ಳಲ್ಲ. 1977ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಕತಾರಿನಿಂದ ತಂದ ಮಗುವೊಂದರ ಕಾಯಿಲೆ ಡಾಕ್ಟರುಗಳಿಗೆ ಬಗೆಹರಿಯಲಿಲ್ಲ. ಅಲ್ಲಿನ ನರ್ಸೊಬ್ಬರು ಆಗ ಓದುತ್ತಿದ್ದದ್ದು ಕ್ರಿಸ್ಟಿಯವರ ‘ದಿ ಪೇಲ್ ಹಾರ್ಸ್’. ಅದರಲ್ಲಿ ಕೂದಲು ಉದುರಿಸುವ ಥ್ಯಾಲಿಯಂ ವಿಷ ಬರುತ್ತದೆ. ಇದು ಅದೇ ಇರಬಹುದೇ ಅಂದರು. ಅದೇ ಆಗಿತ್ತು. ಮಗು ಬದುಕಿತು. ಡ್ಯೂಟಿ ಸಮಯದಲ್ಲಿ ಕಾದಂಬರಿ ಓದುವವರು ಈ ಪ್ಯಾರಾ ಕತ್ತರಿಸಿ ಇಟ್ಟುಕೊಳ್ಳಿ.

ಇನ್ನು ಬರೆಯುವ ರೀತಿ. ಬರವಣಿಗೆಯ ಕೋಣೆ ಅಂತ ಬಹುಕಾಲ ಇರಲೇ ಇಲ್ಲ. ಫೋಟೋದವರು ಬಂದು ‘ನೀವು ಕೂತು ಬರೆಯೋ ಜಾಗ ತೋರಿಸಿ’ ಅಂದರೆ ಪೇಚಾಟ. ಅಲ್ಲಾಡದ ಒಂದು ಮೇಜು, ಒಂದು ಟೈಪ್‌ರೈಟರು, ಮುಗಿಯಿತು. ಕತೆ ಹೊಸೆಯುತ್ತಿದ್ದದ್ದು ಸ್ನಾನದ ತೊಟ್ಟಿಯಲ್ಲಿ ಮಲಗಿ ಸೇಬು ತಿನ್ನುತ್ತಾ. ಸಿಕ್ಕಿರುವ 73 ನೋಟ್‌ಪುಸ್ತಕಗಳಲ್ಲಿ ಕೊಲೆಯ ಸಂಚಿನ ಮಗ್ಗುಲಲ್ಲೇ ಮನೆಯ ಪಟ್ಟಿಗಳು. ಕೊಂದವರು ಇವರಾದರೆ ಹೇಗೆ, ಬೇಡ, ಅವರಾದರೆ ಹೇಗೆ ಅಂತ ಹಲವು ಕಡೆ ಅಳೆದು ಸುರಿದಿದ್ದಾರೆ. ಕೊಲೆಗಾರ ಯಾರು ಅಂತ ನಾವಿಲ್ಲಿ ಉಗುರು ಕಚ್ಚುತ್ತಿದ್ದರೆ, ಬರೆಯುವವರಿಗೇ ಇನ್ನೂ ತೀರ್ಮಾನವಾಗಿರಲಿಲ್ಲ!

1926ರಲ್ಲಿ ಗಂಡ ಆರ್ಚಿ, ತನಗೆ ಬೇರೊಬ್ಬಳ ಮೇಲೆ ಮನಸ್ಸಾಗಿದೆ ಅಂದ. ವಿಷಗಳ ಪರೀಕ್ಷೆ ಪಾಸಾದ ಹೆಂಡತಿಗೆ ಹಾಗೆ ಹೇಳಲು ಎಂಟೆದೆ ಬೇಕು. ಆಕೆ ಯಾರನ್ನೂ ಕೊಲ್ಲಲಿಲ್ಲ, ಕಾರು ಬಿಟ್ಟು ಕಾಣೆಯಾದರು. ದೇಶವೆಲ್ಲ ಹುಡುಕಾಟ. ಷರ್ಲಾಕ್ ಹೋಮ್ಸ್‌ನನ್ನು ಹುಟ್ಟಿಸಿದ ಕಾನನ್ ಡಾಯ್ಲ್ ಏನು ಮಾಡಿದರು ಗೊತ್ತೇ? ಹೆಜ್ಜೆಗುರುತು, ಭೂತಗನ್ನಡಿ ಬಿಟ್ಟು, ಆಕೆಯ ಕೈಗವಸು ಹಿಡಿದುಕೊಂಡು ಪ್ರೇತಗಳ ಜತೆ ಮಾತಾಡುವವರ ಹತ್ತಿರ ಹೋದರು. ಹನ್ನೊಂದು ದಿನದ ಮೇಲೆ ಅಗಾಥಮ್ಮ ಹ್ಯಾರೊಗೇಟಿನ ಹೋಟೆಲಿನಲ್ಲಿ ಸಿಕ್ಕರು. ರಿಜಿಸ್ಟರಿನಲ್ಲಿ ಬರೆಸಿದ್ದ ಮನೆತನದ ಹೆಸರು ಸವತಿಯದು. ಆತ್ಮಕಥೆಯಲ್ಲಿ ಈ ಅಧ್ಯಾಯವೇ ಇಲ್ಲ.

ಹೆಸರು ತಂದುಕೊಟ್ಟ ತಮ್ಮ ಕಾದಂಬರಿಗಳ ಪತ್ತೇದಾರ ಹರ್ಕ್ಯೂಲ್ ಪಾಯ್ರೋನ ಮೇಲಾದರೂ ಪ್ರೀತಿ ಇತ್ತೇ? ಟಾರ್ಕಿಗೆ ಬಂದ ಬೆಲ್ಜಿಯಂ ನಿರಾಶ್ರಿತರನ್ನು ನೋಡಿ ಹುಟ್ಟಿಸಿದ ಆಸಾಮಿ ಬರಬರುತ್ತಾ ಆಕೆಗೇ ಸಹಿಸಲಾಗದವನಾದ. ಎರಡನೇ ಮಹಾಯುದ್ಧದ ಹೊತ್ತಿನಲ್ಲೇ ಅವನ ಸಾವನ್ನು ಬರೆದು ಬೀಗ ಹಾಕಿ ಇಟ್ಟರು, ಮಗಳ ಹೆಸರಿಗೆ. ಬೇರೆ ತಾಯಂದಿರು ಮಗಳಿಗೆ ಒಡವೆ ತೆಗೆದಿಡುತ್ತಾರೆ, ಈಯಮ್ಮ ಒಂದು ಹೆಣ ತೆಗೆದಿಟ್ಟರು. 1975ರಲ್ಲಿ ಅದು ‘ಕರ್ಟನ್’ ಆಗಿ ಹೊರಬರುವಾಗ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಪಾಯ್ರೋನ ನಿಧನ ವಾರ್ತೆಯನ್ನು ಮೊದಲ ಪುಟದಲ್ಲೇ ಹಾಕಿತು. ಹುಟ್ಟೇ ಇರದವನು ಸತ್ತದ್ದಕ್ಕೆ ಮೊದಲ ಪುಟ! ಅಂಥ ಯೋಗ ಎಷ್ಟು ಜನ ಮಾಜಿ ಮಂತ್ರಿಗಳಿಗಿದೆ, ಹೇಳಿ?