ರಾಕ್ ಅಂದ್ರೆ ಕಲ್ಲು

ಅಕ್ಕನ ಮಗ ಬೆಂಗಳೂರಿನಿಂದ ಬಂದರೆ ಅವನ ಬ್ಯಾಗಿನಲ್ಲಿ ಬಟ್ಟೆಗಿಂತ ವೈರುಗಳೇ ಹೆಚ್ಚು. ಈ ಸಲ ಒಂದು ಸ್ಪೀಕರೂ ಇತ್ತು. ಗಾತ್ರದಲ್ಲಿ ಸುಲಿದ ತೆಂಗಿನಕಾಯಿ, ದನಿಯಲ್ಲಿ ಮಾತ್ರ ತೇರಿನ ದಿನದ ಮೈಕು. ಬೆಳಗ್ಗೆ ಏಳಕ್ಕೆ ಅದನ್ನು ಜಗುಲಿಯ ಮೇಲೆ, ದೊಡ್ಡವ್ವನ ಎಲೆಯಡಿಕೆ ತಟ್ಟೆಯ ಪಕ್ಕಕ್ಕೇ ಇಟ್ಟು ಫೋನಿನಲ್ಲಿ ಏನೋ ಒತ್ತಿದ. ಮೊದಲು ತಗಡಿನ ಮೇಲೆ ಅಡಿಕೆ ಸೋಗೆ ಎಳೆದಂಥ ಗಿಟಾರು. ಅದು ನಿಂತದ್ದೇ ಒಬ್ಬ ಗಂಡಸು, ಒಬ್ಬ ಹೆಂಗಸು. ಇಂಗ್ಲಿಷು. ಅವನೊಂದು ಮಾತಾಡಿದರೆ ಅವಳು ನಗುತ್ತಾಳೆ, ಅವಳೊಂದು ಮಾತಾಡಿದರೆ ಅವನು ಬಿದ್ದು ಬಿದ್ದು ನಗುತ್ತಾನೆ. ನಡುವೆ ಮತ್ತೆ ಸೋಗೆ.

ಕೊಟ್ಟಿಗೆಯಿಂದ ಬಂದ ದೊಡ್ಡವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಳು.

"ಯಾರೋ ಇವ್ರು? ಗಂಡ ಹೆಂಡ್ತಿಯಾ?"

"ಅಲ್ಲಜ್ಜಿ, ರೇಡಿಯೋದವ್ರು. ಮಾರ್ನಿಂಗ್ ಶೋ."

"ಅದೇ ಮತ್ತೆ. ಗಂಡ ಹೆಂಡ್ತಿ ಆಗಿದ್ರೆ ಇಷ್ಟೊತ್ನಾಗೆ ಇಷ್ಟು ನಗ್ತಿರ್ಲಿಲ್ಲ. ಇದ್ಯಾವ ಹಾಡು?"

"ರಾಕ್ ಅಜ್ಜಿ."

"ಹಂಗಂದ್ರೆ?"

ಹುಡುಗ ತಡವರಿಸಿದ. ಡ್ರಮ್ ಅಂದ, ಬೀಟ್ ಅಂದ, ಎನರ್ಜಿ ಅಂದ. ದೊಡ್ಡವ್ವನ ಮುಖದಲ್ಲಿ ಏನೂ ಮೂಡದ್ದನ್ನು ಕಂಡು ಕೊನೆಗೆ ಡಿಕ್ಷನರಿಗೆ ಶರಣಾದ. "ರಾಕ್ ಅಂದ್ರೆ... ಕಲ್ಲು."

"ಕಲ್ಲಿನ ರೇಡಿಯೋ ಕೇಳಾಕೆ ಬೆಂಗಳೂರಿಂದ ಡಬ್ಬಿ ಹೊತ್ಕೊಂಡು ಬಂದ್ಯಾ? ಬಳ್ಳಿಗಾವಿಯಾಗೆ ಕಲ್ಲಿಗೇನು ಬರ ಬಂದೈತಾ?"

ಬರ ಬಂದಿಲ್ಲ. ಶಿರಾಳಕೊಪ್ಪದಿಂದ ಆಟೋ ಹತ್ತಿದರೆ ಕೂತ ಸೀಟು ಬಿಸಿಯಾಗುವ ಮೊದಲೇ ಸಿಗುವ ಊರು ನಮ್ಮದು. ಇಲ್ಲಿ ಕಲ್ಲು ಎಡವಿದರೆ ಹೆಬ್ಬೆರಳಿಗೆ ಮೊದಲು ನೋವಾಗುತ್ತದೆ, ಆಮೇಲೆ ಅದು ಯಾವ ಶತಮಾನದ್ದು ಅಂತ ವಿಚಾರ ಬರುತ್ತದೆ. ಕೇದಾರೇಶ್ವರ, ತ್ರಿಪುರಾಂತಕೇಶ್ವರ ಎರಡೂ ಗುಡಿ ಸುತ್ತಿ ಬರುವಷ್ಟರಲ್ಲಿ ಪೇಟೆಯ ನೆಂಟರಿಗೆ ಕಾಲು ನೋವು, ನಮಗೆ ವಿವರ ಹೇಳಿ ಹೇಳಿ ಗಂಟಲು ನೋವು.

ಅಷ್ಟರಲ್ಲಿ ಸ್ಪೀಕರಿನ ಜೋಡಿ ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ಏನಂತೆ ಎಂದು ದೊಡ್ಡವ್ವ ಕೇಳಿದಳು. ಹುಡುಗ ಅನುವಾದಿಸಿದ: ಯಾವುದೋ ದೇಶದಲ್ಲಿ ಕಳ್ಳನೊಬ್ಬ ಕದಿಯಲು ನುಗ್ಗಿದ ಮನೆಯಲ್ಲೇ ಹಾಸಿಗೆ ಕಂಡು ಮಲಗಿ ನಿದ್ದೆ ಹೋಗಿದ್ದನಂತೆ. ಬೆಳಗ್ಗೆ ಮನೆಯವರೇ ಎಬ್ಬಿಸಿದರಂತೆ.

ದೊಡ್ಡವ್ವ ಎಲೆಗೆ ಸುಣ್ಣ ಹಚ್ಚಿದಳು. "ಇದೂ ಒಂದು ಸುದ್ದಿಯಾ? ನಮ್ಮ ಕಣದಾಗೆ ಮಲಗಿದ್ನಲ್ಲ, ಅಡಿಕೆ ಕದಿಯಾಕೆ ಬಂದು! ಅವನನ್ನ ಎಬ್ಬಿಸಿ, ಚಾ ಕೊಟ್ಟು, ಒಂದು ಚೀಲ ಹೊರಿಸಿ ಕಳ್ಸಿದ್ರು ನಿಮ್ಮಜ್ಜ. ಕದ್ದುಕೊಂಡು ಅಲ್ಲ, ಗಾಡಿ ತನಕ. ಕೂಲಿನೂ ಕೊಟ್ರು."

ಹುಡುಗ ಫೋನಿನ ದನಿ ತಗ್ಗಿಸಿದ. "ನಿಜವಾ ಮಾಮ?" ಎಂದು ನನ್ನನ್ನು ಕೇಳಿದ. ನಿಜವೋ ಸುಳ್ಳೋ ನನಗೂ ಗೊತ್ತಿಲ್ಲ. ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ಮೊದಲು ಕೇಳಿದಾಗ ಆ ಕಳ್ಳನಿಗೆ ಚಾ ಇರಲಿಲ್ಲ, ಬರೀ ನೀರು ಬೆಲ್ಲ ಇತ್ತು.

ನಮ್ಮ ಮನೆಯ ಮಾರ್ನಿಂಗ್ ಶೋ ಶುರುವಾಗುತ್ತಿದ್ದುದು ದೊಡ್ಡಪ್ಪನ ಟ್ರಾನ್ಸಿಸ್ಟರಿನಿಂದ. ಆಕಾಶವಾಣಿ ಭದ್ರಾವತಿ, 1965ರಿಂದ ಇರುವ ನಿಲಯ. 444.4 ಮೀಟರ್, ಅಂದರೆ 675 ಕಿಲೋ ಹರ್ಟ್ಸ್. ಈ ಸಂಖ್ಯೆ ನನಗೆ ಮಗ್ಗಿಗಿಂತ ಮೊದಲೇ ಬಾಯಿಪಾಠವಾಗಿತ್ತು. ಮೀಟರ್ ಅಂದಿದ್ದಕ್ಕೆ, ಭದ್ರಾವತಿ ನಮ್ಮ ಹಿತ್ತಲಿನಿಂದ 444 ಮೀಟರ್ ದೂರದಲ್ಲೇ ಎಲ್ಲೋ ಇದೆ ಎಂದು ನಂಬಿಕೊಂಡು ಒಂದು ಭಾನುವಾರ ಹುಡುಕಲು ಹೊರಟವನು ತಾವರೆಕೆರೆಯ ಏರಿಯಿಂದ ಕಿವಿ ಹಿಡಿಸಿಕೊಂಡು ವಾಪಸಾಗಿದ್ದೇನೆ. ದೊಡ್ಡಪ್ಪ ಆ ಪೆಟ್ಟಿಗೆಗೆ ಚರ್ಮದ ಅಂಗಿ ಹೊಲಿಸಿದ್ದ. ನನಗೆ ಹಬ್ಬಕ್ಕೊಂದು ಅಂಗಿ, ಅದಕ್ಕೆ ವರ್ಷವಿಡೀ. ಬ್ಯಾಟರಿ ಸೋತಾಗ ಅದನ್ನು ತೆಗೆದು ಬಿಸಿಲಿಗೆ ಇಡುವ ಕೆಲಸ ನನ್ನದು. ಹಪ್ಪಳ, ಸಂಡಿಗೆ, ಎರಡು ಬ್ಯಾಟರಿ ಒಂದೇ ಚಾಪೆಯ ಮೇಲೆ ಒಣಗುತ್ತಿದ್ದವು. ಕಾಗೆ ಬ್ಯಾಟರಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಆಕಾಶವಾಣಿಯಲ್ಲಿ ನಗು ಇರಲಿಲ್ಲ. ದೆಹಲಿಯಿಂದ ಸಂಸ್ಕೃತ ವಾರ್ತೆ ಬರುವುದು, "ಪ್ರವಾಚಕಃ ಬಲದೇವಾನಂದ ಸಾಗರಃ" ಎಂಬಲ್ಲಿಗೆ ನಮ್ಮ ಸಂಸ್ಕೃತ ಮುಗಿಯುವುದು. ಚಿಂತನ, ರೈತರಿಗೆ ಸಲಹೆ, ಹವಾಮಾನ, ಪೇಟೆ ಧಾರಣೆ. ಓದುವವರೆಲ್ಲ ಈಗಷ್ಟೇ ಸ್ನಾನ ಮುಗಿಸಿ, ಬೆನ್ನು ನೆಟ್ಟಗೆ ಮಾಡಿ ಕೂತವರ ಹಾಗೆ ಓದುತ್ತಿದ್ದರು. ನಗುವ ಇಲಾಖೆಯನ್ನು ದೊಡ್ಡಪ್ಪ, ದೊಡ್ಡವ್ವ ವಹಿಸಿಕೊಂಡಿದ್ದರು.

"ಅಲ್ಲಲ್ಲಿ ಚದುರಿದಂತೆ ಮಳೆಯಾಗುವ ಸಂಭವವಿದೆ" ಎಂದು ರೇಡಿಯೋ ಹೇಳಿದರೆ ದೊಡ್ಡಪ್ಪ ಜಗುಲಿಯಿಂದ, "ಅಲ್ಲಲ್ಲಿ ಅಂದ್ರೆ ಎಲ್ಲೆಲ್ಲಿ? ನಮ್ಮ ಗದ್ದಿಗೆ ಬರ್ತೈತೋ ಇಲ್ವೋ, ಅದೊಂದು ಹೇಳು" ಎನ್ನುವನು. ಒಲೆಯ ಮುಂದಿನಿಂದ ದೊಡ್ಡವ್ವ, "ಅವಂಗೇನು ಗೊತ್ತು, ಕಿಟಕಿ ಬಾಗ್ಲು ಹಾಕ್ಕೊಂಡು ಕುಂತಾನೆ" ಎನ್ನುವಳು. ಶಿವಮೊಗ್ಗ ಪೇಟೆಯ ಅಡಿಕೆ ದರ ಬರುವುದು: ರಾಶಿ, ಬೆಟ್ಟೆ, ಗೊರಬಲು, ಸರಕು. ಸರಕಿನ ದರ ಏರಿದ ದಿನ ದೊಡ್ಡಪ್ಪ, "ನಿನ್ನನ್ನ ಮಾರಿದ್ರೆ ಯಾವ ದರಕ್ಕೆ ಹೋಗ್ತೀಯೇ?" ಅಂದಿದ್ದ. "ನಾನು ಸರಕು. ನೀವು ಗೊರಬಲು, ತೂಕಕ್ಕೆ ಹಾಕಿದ್ರೂ ಯಾರೂ ಕೇಳಲ್ಲ" ಎಂಬ ಉತ್ತರ ರೊಟ್ಟಿ ತಟ್ಟುವ ಸದ್ದಿನ ಜೊತೆಗೇ ಬಂತು. ವಾರ್ತೆ ಓದುವವರು ಪಾಪ ಎಲ್ಲೋ ಕೂತು ನೆಟ್ಟಗೆ ಓದುತ್ತಲೇ ಇದ್ದರು.

ಹಾಗೆ ನೋಡಿದರೆ ಆಕಾಶವಾಣಿಗೆ ಆ ಹೆಸರು ಬಂದದ್ದೇ ಒಬ್ಬ ಹಾಸ್ಯಗಾರರಿಂದ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ನಿಲಯ ಹೂಡಿದಾಗ 'ಆಕಾಶವಾಣಿ' ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿ. 'ಅನರ್ಥಕೋಶ' ಬರೆದು ಪದಗಳಿಗೆಲ್ಲ ಉಲ್ಟಾ ಅರ್ಥ ಹಚ್ಚಿದ ಮಹಾನುಭಾವರು ರೇಡಿಯೋಗೆ ಮಾತ್ರ ಅಷ್ಟು ಗಂಭೀರ ಹೆಸರಿಟ್ಟರಲ್ಲ, ಅದೇ ಅವರ ದೊಡ್ಡ ಜೋಕು ಇದ್ದರೂ ಇರಬಹುದು.

ನಗು ಅಧಿಕೃತವಾಗಿ ಗಾಳಿಗೆ ಏರಿದ್ದು ಖಾಸಗಿ ಎಫ್‌ಎಂ ಬಂದ ಮೇಲೆ. ದೇಶದ ಮೊದಲ ಖಾಸಗಿ ಎಫ್‌ಎಂ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ನಮ್ಮ ಸರ್ಕಾರದ ನಿಯಮ ಇಲ್ಲಿ ಬಲು ಸೊಗಸಾಗಿದೆ: ಖಾಸಗಿ ಎಫ್‌ಎಂನವರು ಸ್ವಂತವಾಗಿ ಸುದ್ದಿ ಹೇಳುವಂತಿಲ್ಲ. ಟ್ರಾಫಿಕ್ಕು, ಹವಾಮಾನ, ಪರೀಕ್ಷೆ, ನೀರು ಕರೆಂಟು ಹೋಗುವುದು ಇಂಥವಕ್ಕೆ ಅಡ್ಡಿಯಿಲ್ಲ. ವಾರ್ತೆಯೇ ಬೇಕೆಂದರೆ ಆಕಾಶವಾಣಿಯದನ್ನು ಒಂದಕ್ಷರ ಬದಲಿಸದೆ ಹಾಕಬೇಕು. ಹೀಗಾಗಿ ಪಾಪದ ಆರ್‌ಜೆಗಳಿಗೆ ಉಳಿದದ್ದು ಸುದ್ದಿಯಲ್ಲದ ಸುದ್ದಿ. ಮಂತ್ರಿ ರಾಜೀನಾಮೆ ಕೊಟ್ಟರೆ ಹೇಳುವಂತಿಲ್ಲ. ಮಂಗ ಮದುವೆ ಮನೆಯ ಲಾಡು ಎತ್ತಿಕೊಂಡು ಹೋದರೆ ಅರ್ಧ ಗಂಟೆ ಹೇಳಬಹುದು. ನನ್ನನ್ನು ಕೇಳಿದರೆ ಜನಕ್ಕೆ ಬೇಕಾದದ್ದೂ ಎರಡನೆಯದೇ. ರಾಜೀನಾಮೆ ವಾಪಸಾಗುತ್ತದೆ, ಲಾಡು ಆಗುವುದಿಲ್ಲ.

ಆ ಹೊಸತರಲ್ಲಿ ನಾನೂ ಬೆಂಗಳೂರಿನಲ್ಲಿದ್ದೆ. ಮೂವರು ಸೇರಿ ಒಂದು ರೂಮು, ಮೂವರಿಗೂ ಸೇರಿ ಒಂದು ಕನ್ನಡಿ. ಬೆಳಗ್ಗೆ ಗಡ್ಡಕ್ಕೆ ನೊರೆ ಹಚ್ಚಿ ಸರದಿ ಕಾಯುವಾಗ ಎಫ್‌ಎಂ ಉಲಿಯುತ್ತಿತ್ತು. ಅದರಲ್ಲಿ ಒಂದು ಸ್ಟೇಷನ್ನಿಗೆ (ಹೆಸರು ಬೇಡ, ಅವರೂ ಹೊಟ್ಟೆಪಾಡಿನವರು) ಒಂದು ದಿನ ಫೋನು ಹಚ್ಚಿದೆ. ನಮ್ಮೂರಿನ ವಿಚಿತ್ರ ಸುದ್ದಿ ಹೇಳಬೇಕಿತ್ತು. ಅದೇ, ಮಲಗಿದ್ದ ಅಡಿಕೆ ಕಳ್ಳನದು.

"ಹಲೋ, ಎಲ್ಲಿಯವರು ಸರ್?"

"ಬಳ್ಳಿಗಾವಿ."

"ವಾವ್! ಕುಂದಾ ತಂದಿದೀರಾ ನಮಗೆ?"

"ಅದಲ್ಲ ಮೇಡಂ. ಬೆಳಗಾವಿ ಅಲ್ಲ, ಬಳ್ಳಿಗಾವಿ. ಶಿಕಾರಿಪುರ ತಾಲ್ಲೂಕು..."

"ಗೊತ್ತು ಸರ್, ಗೊತ್ತು! ಮತ್ತೆ, ಗಡಿ ತಕರಾರು ಹೇಗಿದೆ?"

ಪಕ್ಕದ ಗದ್ದೆಯವರ ಜೊತೆ ಬದುವಿನ ತಕರಾರೊಂದು ನಮಗೂ ಇತ್ತು. ಅದನ್ನೇ ಕೇಳುತ್ತಿದ್ದಾರೆಂದು ತಿಳಿದು, "ಸರ್ವೆಯವರು ಬಂದು ಕಲ್ಲು ನೆಟ್ಟು ಹೋಗಿದ್ದಾರೆ, ಅವರು ರಾತ್ರಿ ಕಿತ್ತು ಈಚೆಗೆ ನೆಡ್ತಾರೆ" ಎಂದೆ. ಆಕೆಯ ಜೊತೆಗಾರ ಕೆಮ್ಮುವಂತೆ ನಕ್ಕ. ಬೆಳಗಾವಿಯ ಗೆಳೆಯರಿಗಾಗಿ ಎಂದು ಒಂದು ಹಾಡು ಬಂತು. ಕಳ್ಳನ ಕಥೆ ನನ್ನ ಹತ್ತಿರವೇ ಉಳಿಯಿತು. ರೂಮು ಬಿಡುವ ತನಕ ನನ್ನ ಹೆಸರು ಕುಂದಾ.

ಆಕೆಯನ್ನು ಬೈಯುವ ಹಾಗೂ ಇಲ್ಲ. ನಮ್ಮೂರಿನ ಶಾಸನಗಳನ್ನೆಲ್ಲ ಓದಿ 1902ರ 'ಎಪಿಗ್ರಾಫಿಯಾ ಕರ್ನಾಟಿಕಾ' ಏಳನೇ ಸಂಪುಟದಲ್ಲಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಸಾಹೇಬರೇ ನಮ್ಮನ್ನು 'ಬೆಳಗಾಮಿ' ಎಂದು ಕರೆದವರು. 2014ರ ನವೆಂಬರ್ 1ಕ್ಕೆ ಬೆಳಗಾಂ ಅಧಿಕೃತವಾಗಿ ಬೆಳಗಾವಿಯಾದ ಮೇಲಂತೂ ನಮ್ಮ ಪಾರ್ಸಲ್ಲುಗಳು ರಾಜ್ಯ ಸುತ್ತಿ ಬರುತ್ತಿವೆ. ಶಾಸನಗಳಲ್ಲಿ ಬಳ್ಳಿಗಾವೆ, ಬಳ್ಳಿಪುರ, ದಕ್ಷಿಣ ಕೇದಾರ ಎಂದೆಲ್ಲ ಹೆಸರಿದೆ. ಅವುಗಳಲ್ಲಿ ಯಾವುದಕ್ಕೂ ಕೊರಿಯರ್ ಬರುವುದಿಲ್ಲ.

ಸಂಜೆ ಹುಡುಗನನ್ನು ಕರೆದುಕೊಂಡು ಗಂಡಭೇರುಂಡ ಕಂಬದ ಕಡೆ ಹೋದೆ. ಹನ್ನೊಂದನೇ ಶತಮಾನದ ನಡುವಿನಲ್ಲಿ ಬನವಾಸಿ ಹನ್ನೆರಡು ಸಾವಿರ ಎಂಬ ನಾಡನ್ನು ಆಳುತ್ತಿದ್ದ ಚಾವುಂಡರಾಯರಸ ನಿಲ್ಲಿಸಿದ್ದು. ಸುಮಾರು 30 ಅಡಿ ಎತ್ತರ. ಹುಡುಗ ತಲೆಯೆತ್ತಿ ನೋಡಿ, "ಮಾಮ, ಇದು ಕೆಎಸ್‌ಆರ್‌ಟಿಸಿ ಬಸ್ಸಿನ ಹಕ್ಕಿ ಅಲ್ವಾ?" ಅಂದ. ಹಕ್ಕಿ ಅದೇ. ಬಸ್ಸಿನ ಮೇಲಿನದಕ್ಕೆ ಹಕ್ಕಿಯ ಮೈ, ನಮ್ಮ ಕಂಬದ ಮೇಲಿನದಕ್ಕೆ ಮನುಷ್ಯನ ಮೈ. ಒಂದು ಮೈ, ಎರಡು ಹಕ್ಕಿತಲೆ. ಒಂದು ಕೊಕ್ಕು ಆ ಕಡೆ, ಇನ್ನೊಂದು ಈ ಕಡೆ.

"ಒಂದೇ ಹೊಟ್ಟೆ, ಎರಡು ಬಾಯಿ. ಇದು ಮಾರ್ನಿಂಗ್ ಶೋನೇ ಮಾಮ" ಎಂದ ಹುಡುಗ. ನನಗೆ ಹೊಳೆದಿರಲಿಲ್ಲ. ಪಂಚತಂತ್ರದ ಭಾರುಂಡ ಹಕ್ಕಿಯ ಕಥೆ ಹೇಳಿದೆ. ಒಂದು ತಲೆಗೆ ಅಮೃತದಂಥ ಹಣ್ಣು ಸಿಕ್ಕಿತು. ಇನ್ನೊಂದಕ್ಕೆ ಕೊಡಲಿಲ್ಲ, ಹೋಗುವುದು ಒಂದೇ ಹೊಟ್ಟೆಗಲ್ಲವೇ ಎಂದಿತು. ಸಿಟ್ಟಿಗೆದ್ದ ಎರಡನೇ ತಲೆ ವಿಷದ ಹಣ್ಣು ತಿಂದಿತು. ಎರಡೂ ಸತ್ತವು.

"ಹಣ್ಣು ಕೊಡದೆ ಇದ್ದಿದ್ದಕ್ಕಾ?"

"ಏನು ರುಚಿ ಇದೆ ಅಂತ ಹೇಳಿದ್ದರೂ ಸಾಕಿತ್ತೇನೋ."

ಅಲ್ಲಿಂದ ಕೋಡಿಮಠದ ಕಡೆ ನಡೆದೆವು. 1162ರ ಶಾಸನದಲ್ಲಿ ಆ ಮಠದ ವರ್ಣನೆಯಿದೆ. ವೇದ, ವ್ಯಾಕರಣ, ದರ್ಶನಗಳನ್ನು ಓದಿಸುವ ಜಾಗ, ರೋಗಿಗಳಿಗೆ ಮದ್ದು ಕೊಡುವ ಜಾಗ. ಜೊತೆಗೆ ಊಟ. ಯಾರಿಗೆಲ್ಲ? ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಂದ ಹಿಡಿದು ಕಥೆ ಹೇಳುವವರು, ಹಾಡುವವರು, ಬಾರಿಸುವವರು, ಕುಣಿಯುವವರು, ವೈತಾಳಿಕರವರೆಗೆ ಪಟ್ಟಿ ಉದ್ದಕ್ಕಿದೆ. ವೈತಾಳಿಕರೆಂದರೆ ಯಾರು ಎಂದು ಹುಡುಗ ಕೇಳಿದ. ಬೆಳಗಿನ ಜಾವ ರಾಜನನ್ನು ಹಾಡಿ ಹೊಗಳಿ ಎಬ್ಬಿಸುವವರು. "ಅಂದ್ರೆ ಆರ್‌ಜೆಗಳು!" ಎಂದು ಅವನು ಕೂಗಿದ್ದಕ್ಕೆ ಮೇಯುತ್ತಿದ್ದ ಎಮ್ಮೆಯೊಂದು ತಲೆ ಎತ್ತಿತು. ಅಷ್ಟು ಜನ ಬಾಯಿಬಡುಕರಿಗೆ ಪುಕ್ಕಟೆ ಅನ್ನ ಹಾಕುತ್ತಿದ್ದ ಊರು ಇದು. ಈಗ ನೋಡಿದರೆ ಸಂಜೆ ಆರರ ಮೇಲೆ ಮಂಡಕ್ಕಿ ಮಿರ್ಚಿಗೂ ಶಿರಾಳಕೊಪ್ಪಕ್ಕೇ ಹೋಗಬೇಕು.

ದೊಡ್ಡಪ್ಪ ಹೋಗಿ ಆರು ವರ್ಷವಾಯಿತು. ಟ್ರಾನ್ಸಿಸ್ಟರು ಚರ್ಮದ ಅಂಗಿ ಹಾಕಿಕೊಂಡು ನಾಗಂದಿಗೆಯ ಮೇಲಿದೆ. ದೊಡ್ಡವ್ವ ಅದನ್ನು ಹಚ್ಚುವುದಿಲ್ಲ. ಟಿವಿ ನೋಡುತ್ತಾಳೆ, ಆದರೆ ಅದಕ್ಕೆ ತಿರುಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ರೊಟ್ಟಿ ತಟ್ಟುವಾಗ ಸುಮ್ಮನೆ ತಟ್ಟುತ್ತಾಳೆ.

ಮರುದಿನ ಬೆಳಗ್ಗೆ ಕರೆಂಟು ಇರಲಿಲ್ಲ. ರಾತ್ರಿಯೇ ಹೋಗಿತ್ತು. ತೆಂಗಿನಕಾಯಿ ಸ್ಪೀಕರು ಎರಡು ಸಲ ಕುಂಯ್ ಅಂದು ಕಣ್ಣು ಮುಚ್ಚಿತು. ಹುಡುಗ ಜಗುಲಿಯ ಮೇಲೆ ತೆಪ್ಪಗೆ ಕೂತಿದ್ದ.

"ಯಾಕೋ, ಕಲ್ಲು ಮಾತಾಡ್ತಿಲ್ವಾ?" ಒಳಗಿನಿಂದ ದನಿ.

"ಚಾರ್ಜ್ ಇಲ್ಲಜ್ಜಿ."

"ಬಿಸ್ಲಿಗೆ ಇಡು."

ಅವನಿಗೆ ತಮಾಷೆ ತಿಳಿಯಲಿಲ್ಲ. ನಾನು ನಕ್ಕೆ. ರೊಟ್ಟಿಯ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

"ಅಜ್ಜಿ, ಆ ಕಳ್ಳ ಚೀಲ ಹೊತ್ನಲ್ಲ, ಎಷ್ಟು ಕೂಲಿ ಕೊಟ್ರು ಅಜ್ಜ?" ಎಂದು ಹುಡುಗ ಜಗುಲಿಯಿಂದಲೇ ಕೂಗಿದ.

"ಕೂಲಿ ಏನ್ ಬಂತು, ಎರಡು ರೊಟ್ಟಿನೂ ಕಟ್ಟಿಸಿ ಕಳ್ಸಿದ್ರು. ಮಾರನೇ ವರ್ಷ ಅಡಿಕೆ ಕೊಯ್ಲಿಗೆ ತಾನಾಗೇ ಬಂದಿದ್ದ, ಗೊತ್ತಾ?"

ರೊಟ್ಟಿ ನನಗೂ ಹೊಸ ಸುದ್ದಿ.