ಸ್ಯಾಂಡರಿಗೆ ಹೊಸ ತೋಳು

ಸ್ಪಿಂಡಲ್ ಸ್ಯಾಂಡರಿನ ಉಪ್ಪುಕಾಗದದ ತೋಳು ಸವೆದಿದೆ ಎಂದರೆ ಯಾವ ಬಡಗಿಯೂ ಒಪ್ಪುವುದಿಲ್ಲ. 80ರ ಕಾಗದ ಬೋಳಾಗಿ, ತೇಗ ಕಪ್ಪಗೆ ಸುಟ್ಟು ಹೊಗೆಯಾಡುತ್ತಿದ್ದರೂ ‘ಮರವೇ ಸರಿಯಿಲ್ಲ ಸಾರ್’ ಅನ್ನುತ್ತಾನೆ!

ಬದಲಿಸುವುದೇನು ಬ್ರಹ್ಮವಿದ್ಯೆಯೇ? ಪ್ಲಗ್ಗು ಕಿತ್ತು ಮೇಲಿನ ನಟ್ಟು ಸಡಿಲಿಸಿ. ಉಬ್ಬಿದ್ದ ರಬ್ಬರ್ ಡ್ರಮ್ಮು ಏಕಾದಶಿಯ ಹೊಟ್ಟೆಯಂತೆ ಒಳಸರಿಯುತ್ತದೆ, ತೋಳು ಜಾರಿ ಬರುತ್ತದೆ. ಬರಲಿಲ್ಲವೇ? ಬೈಯುತ್ತಾ ತಿರುಚಿ, ಬೈಗುಳವಿಲ್ಲದೆ ಬಂದ ತೋಳು ನನಗಂತೂ ಗೊತ್ತಿಲ್ಲ. ಹೊಸದು ತೊಡಿಸಿ ನಟ್ಟು ಬಿಗಿದರೆ ರಬ್ಬರು ಉಬ್ಬಿ ಕಚ್ಚಿಕೊಳ್ಳುತ್ತದೆ. ಭೀಮಬಲ ಬೇಡ; ನಡು ಉಬ್ಬಿದರೆ ಮರದಲ್ಲಿ ಹಳ್ಳ ಬೀಳುತ್ತದೆ.

ಜಿಪುಣರಿಗೊಂದು ಕಿವಿಮಾತು: ಸವೆದದ್ದು ಕೆಳಗಿನ ಪಟ್ಟಿಯಷ್ಟೇ ಆಗಿದ್ದರೆ ತೋಳನ್ನು ತಲೆಕೆಳಗು ಮಾಡಿ ಹಾಕಿ, ಇನ್ನಷ್ಟು ದಿನ ಬರುತ್ತದೆ. ಒಳಗೆ ಬಾಣದ ಗುರುತಿದ್ದರೆ ಮಾತ್ರ ಆ ಆಟ ಬೇಡ, ಅಂಗಡಿಗೆ ಹೋಗಿ.