ಹೋಗುವಾಗ ಸೆಕೆಂಡು, ಬರುವಾಗ ಸೋಮವಾರ

ಗದಗ-ಬೆಟಗೇರಿಯ ಸೀರೆ ಅಂಗಡಿಯೊಂದರ ಗಲ್ಲಾದ ಮೇಲೆ ಈಗ ಇಬ್ಬರು ಆಳುಗಳು. ಒಂದು, ‘ಇಷ್ಟು ರೂಪಾಯಿ ಬಂತು’ ಎಂದು ಬೀದಿಗೆಲ್ಲ ಕೇಳುವಂತೆ ಕೂಗುವ ಯುಪಿಐ ಡಬ್ಬಿ. ಇನ್ನೊಂದು, ಚೀಟಿ ಉಗುಳಿ ಸುಮ್ಮನಾಗುವ ಸ್ವೈಪ್ ಮಷೀನು. ಕಾರ್ಡಿನ ಹಣ ಗಿರಾಕಿಯ ಖಾತೆಯಿಂದ ಆ ಕ್ಷಣವೇ ಹಾರುತ್ತದೆ, ಅಂಗಡಿಯ ಖಾತೆಗೆ ಮಾತ್ರ ನಾಳೆ ನಾಡಿದ್ದು ಎನ್ನುತ್ತ ಇಳಿಯುತ್ತದೆ. ಯಾಕೆಂದು ಆ ಮೌನಿಯನ್ನೇ ಮಾತಿಗೆಳೆದ ಕಾಲ್ಪನಿಕ ಸಂದರ್ಶನವಿದು.

ಪ್ರಶ್ನೆ: ಹೋದ ಹಣಕ್ಕೂ ಬಂದ ಹಣಕ್ಕೂ ನಡುವಿನ ಹೊತ್ತಿನಲ್ಲಿ ಏನು ನಡೆಯುತ್ತದೆ?

ಮಷೀನು: ಖರೇ ಹೇಳ್ಬೇಕಂದ್ರ ಆ ಹೊತ್ತಿಗೆ ರೊಕ್ಕ ಹೋಗೂದ ಇಲ್ರಿ, ಬರೀ ಮಾತು ಹೋಗ್ತೈತಿ. ಪಿನ್ ಒತ್ತಿದ ಕೂಡ್ಲೇ ನಾ ನಮ್ಮ ಬ್ಯಾಂಕಿಗೆ ಕೇಳ್ತೀನಿ. ಅದು ರುಪೇನೋ ವೀಸಾನೋ ಆ ಜಾಲಕ್ಕ ಕೇಳ್ತೈತಿ, ಜಾಲ ಗಿರಾಕಿ ಬ್ಯಾಂಕಿಗೆ ಕೇಳ್ತೈತಿ. ‘ಹೂಂ’ ಅನ್ನೋ ಉತ್ತರ ಅದ ದಾರಿಲೆ ಹೊಳ್ಳಿ ಬರ್ತೈತಿ. ಇಷ್ಟಕ್ಕ ಕೆಲವು ಸೆಕೆಂಡು ಸಾಕು. ಡೆಬಿಟ್ ಕಾರ್ಡ್ ಇದ್ರ ಗಿರಾಕಿ ಖಾತೆದಾಗ ಅಷ್ಟೊತ್ತಿಗೇ ಕಡಿಮಿ ಆಗಿರ್ತೈತಿ. ಆದ್ರ ಬ್ಯಾಂಕಿಂದ ಬ್ಯಾಂಕಿಗೆ ರೊಕ್ಕ ಸೇರೂದು ಬ್ಯಾರೆ ಕೆಲಸ. ದಿನದ ವ್ಯವಹಾರ ಗಂಟು ಕಟ್ಟಿ ಕಳಸ್ಬೇಕು. ಅದಕ್ಕ ರಾತ್ರಿ ಸೆಟ್ಲ್‌ಮೆಂಟ್ ಗುಂಡಿ ಒತ್ತೂದನ್ನ ಮಾಲಕರು ಮರತ್ರ ಅದು ಅವರ ತಪ್ಪು, ನನ್ನದಲ್ಲ. ಆಮ್ಯಾಲೆ ಬ್ಯಾಂಕುಗಳು ಕೂಡಿಸಿ ಕಳೆದು ಚುಕ್ತಾ ಮಾಡ್ಕೋತಾವು, ಆಮ್ಯಾಲೆ ನಮ್ಮ ಖಾತೆ. ಇದಕ್ಕ ‘ಟಿ ಪ್ಲಸ್ ಒನ್’ ಅಂತಾರ್ರಿ. ಟಿ ಅಂದ್ರ ಇವತ್ತು, ಒನ್ ಅಂದ್ರ ನಾಳೆ. ನಾಳೆ ಎರಡನೇ ಶನಿವಾರ ಬಿತ್ತಂದ್ರ, ಕೆಲವು ಬ್ಯಾಂಕಿನ್ಯಾಗ ಒನ್ ಅಂದ್ರ ಸೋಮವಾರ.

ಪ್ರಶ್ನೆ: ಚುಕ್ತಾ ಆಗುವವರೆಗೆ ಕಾಯಲೇಬೇಕು ಎಂಬುದು ಒಂದು ಕಾಲಕ್ಕೆ ನಿಜವಾಗಿತ್ತು, ಲೆಕ್ಕದ ಪುಸ್ತಕ ರಾತ್ರಿ ಮುಚ್ಚುತ್ತಿತ್ತು. ಆದರೆ 2019ರ ಡಿಸೆಂಬರ್ 16ರಿಂದ ನೆಫ್ಟ್ ಹಗಲಿರುಳೂ ನಡೆಯುತ್ತಿದೆ, 2020ರ ಡಿಸೆಂಬರ್ 14ರಿಂದ ಆರ್‌ಟಿಜಿಎಸ್ ಕೂಡ. ಭಾನುವಾರ ನಡುರಾತ್ರಿಯಲ್ಲೂ ಬ್ಯಾಂಕಿಂದ ಬ್ಯಾಂಕಿಗೆ ಹಣ ಹೋಗುವ ರಸ್ತೆ ತೆರೆದೇ ಇದೆ. ಪೆನ್ನಿನಲ್ಲಿ ಬರೆದ ಚೆಕ್ಕಿಗೂ, ಕೊಟ್ಟ ದಿನವೇ ಹಣ ಎಂಬ ಪದ್ಧತಿ 2025ರ ಅಕ್ಟೋಬರ್ 4ರಂದು ಶುರುವಾಯಿತು. ಮೊದಮೊದಲು ಎಡವಿತು, ಅದು ಬೇರೆ ಮಾತು. ಪಕ್ಕದ ಡಬ್ಬಿಯನ್ನೇ ನೋಡಿ. ಯುಪಿಐನಲ್ಲೂ ಬ್ಯಾಂಕುಗಳು ತಮ್ಮತಮ್ಮಲ್ಲಿ ಚುಕ್ತಾ ಮಾಡಿಕೊಳ್ಳುವುದು ಆಮೇಲೆಯೇ, ದಿನಕ್ಕೆ ಹಲವು ಕಂತುಗಳಲ್ಲಿ. ಆದರೂ ಹಣ ಪಡೆಯುವವನ ಖಾತೆಗೆ ಅವನ ಬ್ಯಾಂಕು ಮೊದಲೇ ಜಮಾ ಮಾಡುತ್ತದೆ. ಅಂದರೆ ಬ್ಯಾಂಕು ಬ್ಯಾಂಕನ್ನು ನಂಬಿ ಮುಂಗಡ ಕೊಡಬಲ್ಲದು ಎಂದು ಈ ದೇಶದಲ್ಲೇ ದಿನವೂ ರುಜುವಾತಾಗುತ್ತಿದೆ. ಹಾಗಿದ್ದ ಮೇಲೆ ಕಾರ್ಡಿಗೆ ಯಾಕೆ ಆ ನಂಬಿಕೆ ಇಲ್ಲ?

ಮಷೀನು: ಡಬ್ಬಿ ಹೆಸರು ತಗೀಬ್ಯಾಡ್ರಿ, ಮೊದಲ ಹೊಟ್ಟಿ ಉರಿತೈತಿ. ಬ್ಯಾಂಕಿನವರು ಹೇಳೂದನ್ನ ಹೇಳ್ತೀನಿ. ಕಾರ್ಡಿನ್ಯಾಗ ತಕರಾರು ಜಾಸ್ತಿ. ಗಿರಾಕಿ ನಾಳೆ ‘ಈ ಖರೀದಿ ನಂದಲ್ಲ’ ಅಂದ್ರ ರೊಕ್ಕ ಹೊಳ್ಳಿ ಕೊಡಬೇಕು, ಅದಕ್ಕ ಕೈಯಾಗ ಹಿಡಕೊಂಡಿರಬೇಕು ಅಂತಾರ.

ಪ್ರಶ್ನೆ: ಈ ವಾದ ತಕ್ಕಡಿಯಲ್ಲಿ ನಿಲ್ಲುವುದಿಲ್ಲ. ಕಾರ್ಡಿನ ತಕರಾರು ಮರುದಿನ ಬೆಳಗ್ಗೆಯೇ ಬರುವುದಿಲ್ಲ. ತಿಂಗಳ ಸ್ಟೇಟ್‌ಮೆಂಟ್ ನೋಡಿದ ಮೇಲೆ, ಕೆಲವೊಮ್ಮೆ ತಿಂಗಳುಗಳೇ ಕಳೆದ ಮೇಲೆ ಬರುತ್ತದೆ. ಒಂದು ದಿನ ಹಿಡಿದಿಟ್ಟುಕೊಂಡರೆ ಅದಕ್ಕೆ ಯಾವ ರಕ್ಷಣೆಯೂ ಸಿಗದು. ಹೋಟೆಲಿನಂಥ ಕಡೆ ಮೊದಲು ಒಂದು ಅಂದಾಜು ಮೊತ್ತ ತಡೆಹಿಡಿದು ಕೊನೆಗೆ ನಿಜವಾದ ಬಿಲ್ಲು ಹಾಕುವುದುಂಟು, ಅಲ್ಲಿ ತಡ ನ್ಯಾಯವೇ. ಸೀರೆಗೆ ಅಂದಾಜು ಮೊತ್ತ ಎಲ್ಲಿಂದ ಬಂತು? ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಮಾರುಕಟ್ಟೆಯಲ್ಲೇ ಇದೆ. ಆನ್‌ಲೈನ್ ಪಾವತಿ ವಹಿಸಿಕೊಂಡ ಕಂಪನಿಗಳು ವ್ಯಾಪಾರಿಗಳಿಗೆ ‘ತಕ್ಷಣದ ಸೆಟ್ಲ್‌ಮೆಂಟ್’ ಎಂಬ ಸೌಲಭ್ಯ ಮಾರುತ್ತವೆ. ಹೆಚ್ಚಿನ ಶುಲ್ಕ ಕೊಟ್ಟರೆ ಹಣ ಕೂಡಲೇ ಬರುತ್ತದೆ. ಶುಲ್ಕ ಕಟ್ಟಿದ ಮಾತ್ರಕ್ಕೆ ತಂತ್ರಜ್ಞಾನ ಚುರುಕಾಗುವುದಿಲ್ಲವಲ್ಲ? ಚುರುಕು ಮೊದಲೇ ಇತ್ತು. ತಡವನ್ನು ತಯಾರಿಸಿ, ಅದನ್ನು ತೆಗೆಯುವುದನ್ನು ಸರಕು ಮಾಡಿದ್ದಾರೆ.

ಮಷೀನು: ಮಾತು ಬಂತಂತ ಹೇಳ್ತೀನ್ರಿ. 2020ರ ಜನವರಿಯಿಂದ ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ ಅಂಗಡಿಯವರು ಕಮಿಷನ್ ಕೊಡಬೇಕಾಗಿಲ್ಲ. ಕ್ರೆಡಿಟ್ ಕಾರ್ಡ್ ಉಜ್ಜಿದ್ರ ಕೊಡಬೇಕು. ಹಂಗಿದ್ರ ಪುಕ್ಕಟೆ ಬರೋ ಯುಪಿಐ ರೊಕ್ಕ ಓಡಿಕೋತ ಬರ್ತೈತಿ, ಕಮಿಷನ್ ಕೊಟ್ಟು ತರಿಸಿದ್ದು ಕುಂಟಿಕೋತ ಬರ್ತೈತಿ. ಇದರಾಗ ನಾಚಿಕಿ ಪಡಬೇಕಾದವರು ಯಾರು, ನಾನಾ?

ಪ್ರಶ್ನೆ: ಒಂದು ದಿನದ ತಡಕ್ಕೆ ಇಷ್ಟು ರಂಪವೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕೋಣ. ಅಂಗಡಿಯೊಂದರಲ್ಲಿ ದಿನಕ್ಕೆ 20,000 ರೂಪಾಯಿಯ ಕಾರ್ಡ್ ವ್ಯಾಪಾರ ಎಂದಿಟ್ಟುಕೊಂಡರೆ, ಪ್ರತಿದಿನವೂ ಅಷ್ಟು ಹಣ ಹೊರಗೇ ಇರುತ್ತದೆ. ಅದು ವರ್ಷವಿಡೀ ಬಡ್ಡಿಯಿಲ್ಲದೆ ಕೊಟ್ಟ ಸಾಲ. ಶೇಕಡ 12ರ ಬಡ್ಡಿ ಹಿಡಿದರೆ ವರ್ಷಕ್ಕೆ 2,400 ರೂಪಾಯಿ. ಸಣ್ಣ ಮೊತ್ತ, ಒಪ್ಪೋಣ. ಅಷ್ಟು ಸಣ್ಣದಾದರೆ ಬ್ಯಾಂಕೇ ಅದನ್ನು ಹೊರಬಹುದಲ್ಲ? ಅಂಗಡಿಯವರು ನೂಲಿನ ವ್ಯಾಪಾರಿಗೋ ಮಗ್ಗದ ಕೂಲಿಗೋ ‘ಟಿ ಪ್ಲಸ್ ಒನ್’ ಎನ್ನಲಾರರು. ಗದಗದ ಮಗ್ಗುಲಲ್ಲೇ ಇರುವ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ಇಂಥದೇ ತಿಳಿವಳಿಕೆಯಿಂದ: ಹೊತ್ತಿಗೆ ಸಿಗದ ರೊಕ್ಕದ ಬೆಲೆಯನ್ನು ಯಾವಾಗಲೂ ಕೈಯಲ್ಲಿ ಇಲ್ಲದವನೇ ತೆರುತ್ತಾನೆ. ಆಗಿನ ಸಾಹುಕಾರ ಸಾಲ ಕೊಟ್ಟ ದಿನದಿಂದಲೇ ಬಡ್ಡಿ ಎಣಿಸುತ್ತಿದ್ದ.

ಮಷೀನು: ಈಗಿನವರೂ ಹಂಗ ಎಣಸ್ತಾರ್ರಿ! ಕ್ರೆಡಿಟ್ ಕಾರ್ಡಿನ ಬಿಲ್ಲು ಪೂರ್ತಿ ಕಟ್ಟಲಿಲ್ಲಂದ್ರ ಬಡ್ಡಿ ಖರೀದಿ ಮಾಡಿದ ದಿನದಿಂದ. ಸೀರೆ ಹೊಳ್ಳಿ ಕೊಟ್ಟು ರಿಫಂಡ್ ಕೇಳಿದ್ರ ಮಾತ್ರ ‘ಐದಾರು ಕೆಲಸದ ದಿನ’. ಬ್ಯಾಂಕಿಗೆ ಬರಬೇಕಾದ ರೊಕ್ಕಕ್ಕ ಪಂಚಾಂಗದ ದಿನ, ಬ್ಯಾಂಕಿಂದ ಬರಬೇಕಾದ ರೊಕ್ಕಕ್ಕ ಕೆಲಸದ ದಿನ.

ಪ್ರಶ್ನೆ: ಇದಕ್ಕೊಂದು ಹಳೆಯ ಉದಾಹರಣೆಯಿದೆ. 2010ರ ಮಾರ್ಚ್‌ವರೆಗೆ ಉಳಿತಾಯ ಖಾತೆಗೆ ಬಡ್ಡಿ ಸಿಗುತ್ತಿದ್ದುದು ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗಿನ ಅತಿ ಕಡಿಮೆ ಶಿಲ್ಕಿನ ಮೇಲೆ. 11ಕ್ಕೆ ಕಟ್ಟಿದ ಹಣಕ್ಕೆ ಆ ತಿಂಗಳು ಸೊನ್ನೆ. ಕಂಪ್ಯೂಟರು ಬಂದು ವರ್ಷಗಳಾದ ಮೇಲೂ ಆ ಪದ್ಧತಿ ಹಾಗೇ ನಡೆದಿತ್ತು. ರಿಸರ್ವ್ ಬ್ಯಾಂಕು ಕಟ್ಟಪ್ಪಣೆ ಮಾಡಿದ್ದರಿಂದ 2010ರ ಏಪ್ರಿಲ್ 1ರಂದು ದಿನದ ಲೆಕ್ಕ ಶುರುವಾಯಿತು, ಆಕಾಶವೇನೂ ಬೀಳಲಿಲ್ಲ. ಯಂತ್ರಕ್ಕೆ ಆಗುತ್ತದೆಯೇ ಎಂಬುದಕ್ಕಿಂತ, ತಡ ಮಾಡಿದವನಿಗೆ ಖರ್ಚು ಬೀಳುತ್ತದೆಯೇ ಎಂಬುದು ಹೆಚ್ಚು ಮುಖ್ಯ.

ಮಷೀನು: ನನ್ನ ವಿಷಯದಾಗೂ ಒಂದ್ ಕಾನೂನು ಐತ್ರಿ. ಗಿರಾಕಿ ಬ್ಯಾಂಕು ಹೂಂ ಅಂದು ರೊಕ್ಕ ಕಡದಿರ್ತೈತಿ, ಆ ಉತ್ತರ ನನಗ ಮುಟ್ಟೂದರಾಗ ಸಿಗ್ನಲ್ ಹೋಗಿರ್ತೈತಿ. ಚೀಟಿನೂ ಇಲ್ಲ, ಸೀರೆನೂ ಇಲ್ಲ. ಅಂಥಾದ್ದಕ್ಕ 2019ರ ಸೆಪ್ಟೆಂಬರಿನಾಗ ರಿಸರ್ವ್ ಬ್ಯಾಂಕು ಹೇಳೇತಿ, ಐದು ದಿನದಾಗ ರೊಕ್ಕ ತಾನಾಗೇ ಹೊಳ್ಳಿ ಬರಬೇಕು, ತಪ್ಪಿದ್ರ ದಿನಕ್ಕ ನೂರು ರೂಪಾಯಿ, ಗಿರಾಕಿ ದೂರು ಕೊಡೂತನಕ ಕಾಯೂ ಹಂಗಿಲ್ಲ. ಮತ್ತ ಅಲ್ಲಿ ದಿನ ಅಂದ್ರ ಪಂಚಾಂಗದ ದಿನ, ರಜಾ ಗಿಜಾ ಇಲ್ಲ.

ಪ್ರಶ್ನೆ: ಒಳ್ಳೆಯ ನಿಯಮ, ಆದರೆ ಅರ್ಧ. ಐನೂರು ರೂಪಾಯಿ ಸಿಕ್ಕಿಬಿದ್ದರೂ ದಿನಕ್ಕೆ ನೂರು, ಐವತ್ತು ಸಾವಿರ ಸಿಕ್ಕಿಬಿದ್ದರೂ ನೂರೇ. ಅದೂ ಕೆಟ್ಟುಹೋದ ವ್ಯವಹಾರಕ್ಕೆ ಮಾತ್ರ. ಸರಿಯಾಗಿ ಆದ ವ್ಯಾಪಾರದ ಹಣ ಅಂಗಡಿಗೆ ತಡವಾಗಿ ಬಂದರೆ ಆ ನೂರು ಅನ್ವಯಿಸುವುದಿಲ್ಲ. ಅದೇ ನಿಯಮವನ್ನು ಅಂಗಡಿಯ ಕಡೆಗೂ ಚಾಚಬೇಕು, ಮೊತ್ತಕ್ಕೆ ತಕ್ಕ ಬಡ್ಡಿಯಾಗಿ. ಸಣ್ಣ ಬ್ಯಾಂಕುಗಳಿಗೆ ಹೊರೆಯಾಗುತ್ತದೆ ಎನ್ನಬಹುದು. ಹಣ ತಮ್ಮ ಬಳಿಯೇ ಇದ್ದ ಅವಧಿಗೆ ಬಡ್ಡಿ ಕೊಡುವುದು ಹೊರೆಯಲ್ಲ, ಬಾಡಿಗೆ. ಸರಿ, ನಿಮ್ಮ ಕೈಯಲ್ಲೇ ಆಗುವ ಸುಧಾರಣೆ ಏನಾದರೂ ಇದೆಯೇ?

ಮಷೀನು: ಒಂದ್ ಸಾಲು ಸಾಕ್ರಿ. ನನ್ನ ಚೀಟಿಮ್ಯಾಲೆ ರೊಕ್ಕ ಕಡಿದ ಹೊತ್ತು ಸೆಕೆಂಡಿನ ಸಮೇತ ಇರ್ತೈತಿ. ಮಾಲಕರ ಖಾತೆಗೆ ಯಾವ ದಿನ, ಎಷ್ಟು ಗಂಟೆದೊಳಗ ಬರಬೇಕು ಅನ್ನೂದನ್ನೂ ಅಲ್ಲೇ ಅಚ್ಚು ಮಾಡೋ ಹಂಗ ಮಾಡ್ರಿ. ಬರದಿದ್ರ ಅದ ಚೀಟಿ ಹಿಡಕೊಂಡು ಬ್ಯಾಂಕಿಗೆ ಹೋಗಬಹುದು. ಗದಗ-ಬೆಟಗೇರಿ ಅಂದ್ರ ಅಚ್ಚಿನಮನಿಗೆ ಹೆಸರಾದ ಊರು, ಒಂದ್ ಸಾಲು ಅಚ್ಚು ಹಾಕೂದು ಇಲ್ಲಿ ಯಾರಿಗೆ ದೊಡ್ಡದು? ಜಾಗಾ ಇಲ್ಲ ಅಂದ್ರ, ಕೆಳಗ ಇಂಗ್ಲಿಷಿನ್ಯಾಗ ‘ಥ್ಯಾಂಕ್ ಯೂ, ವಿಸಿಟ್ ಅಗೇನ್’ ಅಂತ ಐತಲ್ರಿ, ಅದನ್ನ ತಗದ್ರಾತು.